ಆರಜೂನ ತೊಟ್ಟಿಲದ ನಾಕ ಕಾಲು

ಯಳವಿ ಊರೊಳಗ ಯಾರನ್ನರ ಕೇಳ್ರಿ, ಪಾಲಿಶ್ ರಾಜಬಿ ಅಂದರ ಮೊದಲ ಆಕಿ ಬಾಯಿ ಸುದ್ದಿ ಹೇಳ್ತಾರ, ಆಮ್ಯಾಲ ಕೈ ಸುದ್ದಿ. ಬಾಯಿ ಅಂದರ ಬಾಯಲ್ಲ ಅದು, ಅರವತ್ತ ನಂಬರಿನ ಪಾಲಿಶ್ ಕಾಗದ. ಒಮ್ಮಿ ತಿಕ್ಕಿದಳಂದರ ತೊಗಲ ಕಿತ್ತು ಬರಬೇಕು. ಕೈ ಮಾತ್ರ ಹಂಗಲ್ಲ. ಕಟ್ಟಿಗಿ ತಿರುಗಿಸಿ ಗುಂಡ ಕಡಿಯೂ ಖರಾದಿ ಯಂತ್ರಕ್ಕ ಹಾಕಿ ಕಡದದ್ದು, ಮಂಚದ ಕಾಲಿರಲಿ, ಕುರ್ಚಿ ಕೈ ಇರಲಿ, ಆಕಿ ಬಣ್ಣ ಹೊಡಿಯೂ ಗನ್ ಹಿಡದು ಪಿಯು ಪಾಲಿಶ್ ಹೊಡದಳಂದರ ಅದರಾಗ ಮಾರಿ ನೋಡಿ ಮೀಸಿ ತಿದ್ದಕೋಬಹುದು. ದರಿಬಡಚಿ, ಕುಣಿಕೋಣೂರದಿಂದ ಮಂದಿ ಬರತಾರ, ಬೈಸಿಕೊಂತಾರ, ಮಾಲ ತಗೊಂಡು ಹೋಗತಾರ, ಮುಂದಿನ ವರ್ಷ ಮತ್ತ ಬರತಾರ.

ಪಿಯು ಅಂದರ ಎರಡ ಡಬ್ಬಿ. ಒಂದರಾಗ ಮಾಲು, ಒಂದರಾಗ ಹಾರ್ಡನರ್. ಎರಡೂ ಕೂಡಿಸಿ ಥಿನ್ನರ್ ಹಾಕಿ ಕಲಿಸಿದ ಮ್ಯಾಲ ಲಗೂನ ಹೊಡದು ಮುಗಸಬೇಕು, ಇಲ್ಲಂದರ ಡಬ್ಬಿಯೊಳಗ ಕಲ್ಲಾಗಿ ಕುಂದ್ರತೈತಿ. ಅದರ ಸ್ವಭಾವಾನೂ ರಾಜಬಿ ಸ್ವಭಾವದಂಥಾದ್ದ. ಧೂಳ ಆಗೂದಿಲ್ಲ, ಹಸಿ ಆಗೂದಿಲ್ಲ, ಎಣ್ಣಿ ಅಂತೂ ಹುಟ್ಟಾ ವೈರಿ. ಕಟ್ಟಿಗಿ ಮ್ಯಾಲ ಒಂದ ಹನಿ ಎಣ್ಣಿ ಇತ್ತಂದರ ಪಿಯು ಅದರ ಸನೇಕ ಬರೂದಿಲ್ಲ. ಸುತ್ತ ಸರದು ನಿಲ್ಲತೈತಿ. ಅಲ್ಲಿ ಸಣ್ಣ ಸಣ್ಣ ಕುಣಿ ಬಿದ್ದು ಸಿಡಬಿನ ಮಾರಿ ಆಗತೈತಿ.

ಆಕಿ ಪತ್ರಾ ಶೆಡ್ಡಿಗಿ ಹೊಂದಿ ಇನ್ನೊಂದ ಶೆಡ್ಡು. ನಡುವ ಒಂದ ಗ್ವಾಡಿ, ಗ್ವಾಡಿಯೊಳಗ ಒಂದ ಕಿಡಕಿ. ಆಚೆ ಕಡೆ ಖರಾದಿ ಯಂತ್ರದ ಮುಂದ ಕುಂದ್ರಾಂವ ಆಕಿ ಸ್ವಂತ ತಮ್ಮ ಸಾಜಿದ. ಅಕ್ಕ-ತಮ್ಮಗ ಮಾತು ನಿಂತು ಎಂಟ ವರ್ಷಾತು.

ಜಗಳ ಹೊಲದ್ದಲ್ಲ, ಮನೀದಲ್ಲ, ಉಳೀದು. ಅವರಪ್ಪ ಲಾಲಸಾಬ ಅರಗಿನ ಬಣ್ಣದ ಕಾಲದ ಖರಾದಿ. ಸಾಜಿದ ಹುಟ್ಟೂಕಿಂತ ಮೊದಲ ಅಪ್ಪನ ಮುಂದ ಕುಂತು ಖರಾದಿ ತಿರುಗಸೂ ಹಗ್ಗ ಜಗ್ಗಿದಾಕಿ ರಾಜಬಿ. ಲಗ್ನಾಗಿ ಸಾಂಗ್ಲಿಗೆ ಹೋದಳು, ಅಲ್ಲಿ ಗಂಡನ ಕಡಿಂದ ಪಿಯು ಪಾಲಿಶ್ ಕಲತಳು, ಗಂಡ ತೀರಿಕೊಂಡ ಮ್ಯಾಲ ಮಗಳ ಆರಜೂನ್ನ ಕರಕೊಂಡು ತವರಿಗಿ ಬಂದಳು. ಮುಂದ ವರ್ಷ ತುಂಬೂದರಾಗ ಲಾಲಸಾಬನೂ ಹೋದ. ನಲವತ್ತನೇ ದಿನದ ಫಾತಿಹಾ ಮುಗದ ಮ್ಯಾಲ ರಾಜಬಿ ಒಂದ ಕೇಳಿದಳು: ಅಪ್ಪನ ಒಂಬತ್ತ ಉಳಿಯೊಳಗ ಒಂದ ಉಳಿ, ಅದೂ ಸವದು ಸವದು ಬೆರಳಿನಷ್ಟ ಉಳದಿದ್ದ ಸಣ್ಣದು. ಸಾಜಿದ ಕುಂತ ಮಂದಿ ಮುಂದ ನಕ್ಕೋತ ಅಂದ, "ಹೆಣ್ಣಮಗಳಿಗಿ ಉಳಿ ಯಾಕ? ಬೇಕಾದರ ಒಂದ ಲಟ್ಟಣಿಗಿ ಕಡದು ಕೊಡ್ತೀನಿ." ಮಂದಿನೂ ನಕ್ಕರು. ಹಲ್ಲ ಕಚ್ಚಿಕೊಂಡು ಎದ್ದ ಹೋದಾಕಿ ಅವತ್ತಿಂದ ಅಂವನ ಹೆಸರ ಬಾಯಾಗ ತಗೊಂಡಿಲ್ಲ.

ಆದರ ಧಂದೇ ಬಿಡಲಿಕ್ಕ ಬರತೈತೇನ್ರಿ? ಅಂವ ಕಡದದ್ದಕ್ಕ ಈಕಿ ಪಾಲಿಶ್ ಬೇಕು, ಈಕಿ ಪಾಲಿಶಿಗಿ ಅಂವ ಕಡದದ್ದ ಬೇಕು. ಹಿಂಗಾಗಿ ಮಾಲೆಲ್ಲಾ ಕಿಡಕಿಯೊಳಗಿಂದ ಬರೂದು, ಮಾತೆಲ್ಲಾ ಆಡಿನ ಕೈಯಿಂದ. ಆಡಂದರ ಖರೇ ಆಡು, ಎರಡೂ ಶೆಡ್ಡಿನ ಮುಂದ ನಟ್ಟ ನಡುವ ಗೂಟಕ್ಕ ಕಟ್ಟಿದ್ದು. "ಏ ಆಡೇ, ಹೇಳು ಅಂವಗ, ಮಂಚದ ಕಾಲು ಒಂದ ನೂಲ ಸಣ್ಣ ಆಗ್ಯಾವಂತ," ಅಂತ ಈಕಿ ಒದರತಿದ್ದಳು. "ಆಡೇ, ಹೇಳು ಆಕಿಗಿ, ಕಣ್ಣ ತೋರಿಸಿಕೋ ಅಂತ," ಅಂತ ಅಂವ ಅಲ್ಲಿಂದ. ಮೊದಲ ವರ್ಷ ಒಮ್ಮಿ ಸಾಜಿದ ಯಂತ್ರದ ಎಣ್ಣಿ ಹತ್ತಿದ ಕೈಲೆ ಕುರ್ಚಿ ಕಾಲ ಹಿಡದಿದ್ದ, ಪಿಯು ಕುಣಿ ಬಿದ್ದು ಕೆಟ್ಟಿತ್ತು. ಅವತ್ತ ಆಕಿ ಆ ಆಡಿಗಿ ಅರ್ಧಾ ತಾಸ ಬೈದಿದ್ದಳು. ಅದಾದ ಮ್ಯಾಲ ಅಂವನ ಕಡಿಂದ ಬಂದ ಕಟ್ಟಿಗಿ ಮ್ಯಾಲ ಎಣ್ಣಿದ ಒಂದ ಕಲಿ ಇರತಿರಲಿಲ್ಲ. ಈ ಮಾತ ನೆನಪಿಟ್ಟುಕೊಳ್ಳ್ರಿ, ಯಾಕಂದರ ರಾಜಬಿನೂ ಇದನ್ನ ಚಲೋತಂಗ ನೆನಪಿಟ್ಟಿದ್ದಳು.

ಈಗ ಆರಜೂ ಚೊಚ್ಚಲ ಬಾಣಂತನಕ್ಕ ತವರಿಗಿ ಬಂದಿದ್ದಳು, ಹೆಣ್ಣಕೂಸು. ನಲವತ್ತ ದಿನ ತುಂಬಿದ ಮ್ಯಾಲ ಬೀಗರು ಬಂದು ಬಾಣಂತಿನ್ನ ಕರಕೊಂಡು ಹೋಗೂದು, ಕೂಸಿನ ಕೂಡ ತವರಿನ ತೊಟ್ಟಿಲ ಹೋಗೂದು. ಬೀಗತಿ ರುಬಿನಾ ಮಿರಜಿನಾಕಿ. ಕೂಸ ನೋಡಲಿಕ್ಕ ಬಂದಾಕಿ ಮೂಗ ಮುರದು ಅಂದಳು, "ತೊಟ್ಟಿಲ ತ್ರಾಸ ತಗೋಬ್ಯಾಡ್ರಿ ಬೀಗತಿ. ಹಳ್ಳಿ ಸಾಮಾನ ನಮ್ಮ ಮನಿ ಹಾಲಿನ್ಯಾಗ ಶೋಭಾ ಕೊಡೂದಿಲ್ಲ. ನಾವು ಶೋರೂಮಿನ್ಯಾಗ ಒಂದ ನೋಡೇವಿ, ಮಾರಿ ಕಾಣತೈತಿ ಅದರಾಗ."

ರಾಜಬಿ ಮೈಯೆಲ್ಲಾ ಉರಿ ಹತ್ತಿತು. "ನಲವತ್ತನೇ ದಿನಕ್ಕ ಬರ್ರಿ," ಅಂದಳು. "ನನ್ನ ತೊಟ್ಟಿಲದಾಗ ನಿಮ್ಮ ಮಾರಿ ಕಂಡಿಲ್ಲಂದರ ಬರಗೈಲೆ ಕರಕೊಂಡು ಹೋಗ್ರಿ. ಕಂಡರ ಮಾತ್ರ ಹೆದರಬ್ಯಾಡ್ರಿ."

ಬಾಗಲ ಸಂದಿಯೊಳಗ ನಿಂತಿದ್ದ ಆರಜೂ ಹಣಿ ಬಡಕೊಂಡಳು. ತೊಟ್ಟಿಲ ಇಲ್ಲದ ಹೋದರ ಅತ್ತೀ ಬಾಯಾಗ ಸಾಯೂತನಾ ಬೀಳಬೇಕಾದಾಕಿ ಆಕೀನ ಅಲ್ಲೇನು. ಅದು ರಾಜಬಿಗೂ ಗೊತ್ತಿತ್ತು, ಅದಕ್ಕ ಆಕಿಗಿ ಆ ರಾತ್ರಿ ನಿದ್ದಿ ಹತ್ತಲಿಲ್ಲ.

ತೊಟ್ಟಿಲದ ನಾಕ ಕಾಲು ಕಡಿಯಾಂವ ಯಾರು? ಜತ್ತಿಗಿ ಹೋಗಿ ಕೇಳಿಕೊಂಡು ಬಂದಳು, ಮನಸ್ಸಿಗಿ ಬರಲಿಲ್ಲ. ಕಡೀಕ ಒಂದ ಮುಂಜಾನಿ ಸಾಗವಾನಿ ತುಂಡ ಕಿಡಕಿಯೊಳಗ ಇಟ್ಟು, ಆಡಿನ ಕಡೆ ಮಾರಿ ಮಾಡಿ, ಹುಳಿ ತಿಂದವರಂಗ ಹೇಳಿದಳು, "ಆರಜೂನ ತೊಟ್ಟಿಲಕ್ಕಂತ. ಮನಸ್ಸಿದ್ದರ ಕಡೀಲಿ, ಇಲ್ಲಂದರ ಬಿಡಲಿ." ಮಧ್ಯಾಹ್ನ ನೋಡಿದರ ಕಟ್ಟಿಗಿ ಕಿಡಕಿಯೊಳಗ ಇರಲಿಲ್ಲ.

ಹನ್ನೊಂದ ದಿನ ಆದ ಮ್ಯಾಲ ನಾಕ ಕಾಲೂ ಕಿಡಕಿಯೊಳಗ ಬಂದವು, ಲಾಲಸಾಬನ ಹಳೇ ಲುಂಗಿಯೊಳಗ ಸುತ್ತಿದ್ದವು. ಲುಂಗಿ ನೋಡಿದ ಕೂಡಲೇ ಆಕಿಗಿ ಸಿಟ್ಟ ಬಂತು, ಅಪ್ಪನ ಅರಿವಿನೂ ತಾನ ಇಟ್ಟುಕೊಂಡಾನಲ್ಲಾ ಈ ಹರಾಮಖೋರ ಅಂತ. ಬಿಚ್ಚಿ ನೋಡಿದಳು. ಕೆಳಗ ಬುಗರಿ, ಮ್ಯಾಲ ದಾಳಿಂಬರ ಮೊಗ್ಗಿ, ನಡುವ ಕೈಯಾಗ ತುಂಬೂವಂಥಾ ಗುಂಡ ಹೊಟ್ಟಿ. ನಾಕೂ ಒಂದ ತಾಯಿ ಮಕ್ಕಳು. ಬೈಯಾಕ ಒಂದ ಗೀರಾದರೂ ಸಿಗತೈತೇನಂತ ಕನ್ನಡಕ ಹಾಕಿಕೊಂಡು ತಿರವ್ಯಾಡಿ ನೋಡಿದಳು, ಸಿಗಲಿಲ್ಲ. ಅದಕ್ಕ ಇನ್ನಾ ಸಿಟ್ಟ ಬಂತು.

ಅಷ್ಟರಾಗ ಆಚೆ ಕಡಿಂದ ಸಾಜಿದ ಕೆಮ್ಮಿದ. "ಆಡೇ, ಹೇಳು ಆಕಿಗಿ, ಕಾಲು ಎಂಟ ದಿನ ಬಿಸಲಿಗಿ ಇರಲಿ ಅಂತ. ಆಮ್ಯಾಲ ಪಾಲಿಶ್ ಹಚ್ಚಲಿ."

"ಆಡೇ, ಹೇಳು ಅಂವಗ," ಅಂತ ರಾಜಬಿ ಕಿಡಕಿಗಿ ಮಾರಿ ಹಚ್ಚಿ ಒದರಿದಳು, "ಅಜ್ಜಿಗಿ ಕೆಮ್ಮೂದ ಕಲಸಬ್ಯಾಡಂತ! ಒಣಗಿದ ಸಾಗವಾನಿಗಿ ಬಿಸಲ್ಯಾಕ? ನನ್ನ ಕೆಲಸ ನನಗ ಗೊತ್ತೈತಿ."

ಬಿಸಲಿಗಿ ಇಡಬೇಕಂತ ಮನಸ್ಸಿನ್ಯಾಗ ಇದ್ದಿದ್ದರೂ ಇನ್ನ ಇಡತಿರಲಿಲ್ಲ ಆಕಿ.

ಮೂರನೇ ದಿನ ಮುಂಜಾನಿ, ಮಾಳದ ಗಾಳಿ ಏಳೂಕಿಂತ ಮೊದಲ, ಶೆಡ್ಡಿನ ನೆಲಕ್ಕ ನೀರ ಹೊಡದಳು. ಬಾಗಲಕ್ಕ ಹಸೀ ಚಾದರ ಇಳಿಬಿಟ್ಟಳು. ಕಾಂಪ್ರೆಸರ್ ಟಾಕಿಯೊಳಗಿನ ನೀರ ಬಿಟ್ಟಳು. ಕಾಲುಗಳನ್ನ ಮುನ್ನೂರಾ ಇಪ್ಪತ್ತ ನಂಬರಿನ ಕಾಗದಲೆ ಹಗೂರಕ ತಿಕ್ಕಿ ಮಲ್ಮಲ್ ಅರಿವಿಲೆ ಒರಸಿದಳು. ಕಟ್ಟಿಗಿ ಬಣ್ಣ ಒಂದೀಟ ಗಾಢ ಕಂಡಿತು, ಹಳೇ ಸಾಗವಾನಿ ಅಂದಕೊಂಡಳು. ವಾಸನಿ ಹಿಡಿಯೂ ಮೂಗಂತೂ ಥಿನ್ನರ್ ಕುಡದು ಕುಡದು ಎಂದೋ ಸತ್ತಿತ್ತು. ಮಾಲ ಕಲಿಸಿ, ಸೋಸಿ, ಗನ್ನಿಗಿ ತುಂಬಿ, ಬಿಸ್ಮಿಲ್ಲಾ ಅಂದು ಹೊಡದಳು. ಒಂದು, ಎರಡು, ಮೂರ ಕಾಲು. ನಾಕನೇದಕ್ಕ ಗನ್ ತಿರುಗಸೂದರಾಗ ಮೊದಲಿನ ಕಾಲಿನ ಮ್ಯಾಲ ಕಣ್ಣ ಬಿತ್ತು.

ಕುಣಿ ಬೀಳಾಕ ಹತ್ತಿದ್ದವು. ಎಲ್ಲಾ ಕಡೆ ಅಲ್ಲ. ನಡುವಿನ ಗುಂಡ ಹೊಟ್ಟಿ ಮ್ಯಾಲ ಮಾತ್ರ, ಯಾರೋ ಮುಷ್ಟಿಲೆ ಗಟ್ಟಿ ಹಿಡದಂಗ. ಇತ್ತಲಾಗ ಹೆಬ್ಬಟ್ಟು, ಅತ್ತಲಾಗ ನಾಕ ಬೆರಳು, ಅದರಾಗ ತೋರಬೆರಳ ಅರ್ಧಾ. ಸಾಜಿದನ ಬಲಗೈ ತೋರಬೆರಳ ಯಂತ್ರಕ್ಕ ಸಿಕ್ಕು ಅರ್ಧಾ ಹೋದದ್ದ ಊರಿಗೆ ಗೊತ್ತು. ಎರಡನೇ ಕಾಲ ನೋಡಿದಳು, ಮೂರನೇದ ನೋಡಿದಳು, ಅದ ಕೈ. ಬಣ್ಣ ಹತ್ತದ ನಾಕನೇ ಕಾಲಿಗಿ ಪಂಚಾಂಗದ ಹಾಳಿ ಒತ್ತಿ ಹಿಡದಳು. ಹಾಳಿ ಮ್ಯಾಲ ಜಿಡ್ಡಿನ ಕಲಿ ಮೂಡಿತು. ಆರಜೂ ಬಾಗಲದಾಗ ನಿಂತು ಮೂಸಿ ನೋಡಿ ಅಂದಳು, "ಕುಸುಬಿ ಎಣ್ಣಿ ಐತವ್ವಾ ಇದು."

ಯಂತ್ರದ ಎಣ್ಣಿ ಆಗಿದ್ದರ ಕೈತಪ್ಪಿ ಹತ್ತೈತಿ ಅನ್ನಬಹುದಿತ್ತು. ಕುಸುಬಿ ಎಣ್ಣಿ ಖರಾದಿ ಶೆಡ್ಡಿನ್ಯಾಗ ತಾನಾಗೇ ಬರತೈತೇನು? ಏಳ ವರ್ಷ ಒಂದ ಹನಿ ಹತ್ತದಂಗ ಮಾಲ ಕೊಟ್ಟಾಂವ, ಎಣ್ಣಿ ಹತ್ತಿದರ ಪಿಯು ಸಾಯತೈತಿ ಅಂತ ಗೊತ್ತಿದ್ದಾಂವ, ಹಚ್ಯಾನ. ಅದೂ ಈ ತೊಟ್ಟಿಲಕ್ಕ. ರಾಜಬಿಗಿ ಇನ್ನೇನೂ ವಿಚಾರ ಮಾಡೂ ಜರೂರ ಬೀಳಲಿಲ್ಲ.

ಬಸ್ಸು ನಿಲ್ಲೂ ಕಟ್ಟಿ ಹತ್ತರ ಗುರುಲಿಂಗಪ್ಪನ ಚಾದಂಗಡಿಯೊಳಗ ಸಾಜಿದ ಹತ್ತಕ್ಕ ಚಾ ಕುಡಿಯಾಕ ಬರತಿದ್ದ. ಅಲ್ಲಿಗೇ ಹೋದಳು, ಕೈಯಾಗ ಕುಣಿ ಬಿದ್ದ ಮೊದಲಿನ ಕಾಲ ಹಿಡಕೊಂಡು, ಮಾಸ್ಕು ಕೊಳ್ಳಾಗ ಜೋತಬಿದ್ದಂಗೇ. ಎಂಟ-ಹತ್ತ ಮಂದಿ ಕುಂತಿದ್ದರು.

"ನೋಡ್ರಿ, ಎಲ್ಲಾರೂ ನೋಡ್ರಿ!" ಅಂತ ಆ ಕಾಲು ಅಂವನ ಚಾ ಗ್ಲಾಸಿನ ಮುಂದ ಕುಕ್ಕಿದಳು. "ಕಳ್ಳ ಕೈಗುರುತ ಸುದ್ದಾ ಬಿಟ್ಟಾನ. ಬೀಗರ ಮುಂದ ನನ್ನ ಮಾರಿಗಿ ಮಸಿ ಬಡೀಬೇಕಂತ ತೊಟ್ಟಿಲಕ್ಕ ಎಣ್ಣಿ ಸವರ್ಯಾನ ಇಂವ!"

ಸಾಜಿದ ಗ್ಲಾಸ ಕೆಳಗಿಟ್ಟ. ಆ ಕಾಲ ನೋಡಿದ. ಅಂವನ ಮಾರಿ ಬಿಳಿಚಿತು. ಆಡಿಲ್ಲ, ಕಿಡಕಿಲ್ಲ, ನೆಟ್ಟಗ ಅಕ್ಕನ ಮಾರಿ ನೋಡಿ ಅಂದ, "ಅಕ್ಕಾ, ಅದು ಏನಂದರ..."

ಎಂಟ ವರ್ಷದ ಮ್ಯಾಲ ಬಂದ ಮೊದಲನೇ ಅಕ್ಕಾ ಅದು. ರಾಜಬಿ ಅದನ್ನ ಮುಗಿಯಾಕ ಬಿಡಲಿಲ್ಲ.

"ಅಕ್ಕಾ ಅನಬ್ಯಾಡ! ನಿನಗೊಂದ ಕೂಸಿಲ್ಲಂತ ನನ್ನ ಮಗಳ ಕೂಸಿನ ಮ್ಯಾಲ ಕಣ್ಣ ಹಾಕಿದೇನ? ಮಕ್ಕಳಿಲ್ಲದಾಂವನ ಕೈ ತೊಟ್ಟಿಲಕ್ಕ ಹತ್ತಬಾರದಿತ್ತು. ತಪ್ಪ ನಂದ, ನಾ ಕಟ್ಟಿಗಿ ಕೊಡಬಾರದಿತ್ತು."

ಸಾಜಿದಗ ಲಗ್ನಾಗಿ ಹದಿನೇಳ ವರ್ಷ. ಅಂವ, ಅಂವನ ಹೆಂಡತಿ ತಿರಗದ ದವಾಖಾನಿಲ್ಲ, ಕಟ್ಟದ ಹರಕಿಲ್ಲ. ಗುರುಲಿಂಗಪ್ಪನ ತಡೀಲಾರದ, "ರಾಜಬಿ, ಸಾಕ ಮಾಡವಾ," ಅಂದ. ಸಾಜಿದ ಎದ್ದ, ಚಾದ ರೊಕ್ಕ ಇಟ್ಟ, ಹೋದ. ಮಧ್ಯಾಹ್ನ ಗ್ವಾಡಿ ಆಚೆ ಕಡೆ ಸುತಗಿ ಸಪ್ಪಳ ಕೇಳಿತು. ಕಿಡಕಿಗಿ ಪತ್ರಾ ಬಡಿಯಾಕ ಹತ್ತಿದ್ದ.

"ಬಡೀ, ಇನ್ನೊಂದ ಮೊಳಿ ಬಡೀ," ಅಂದಳು ರಾಜಬಿ, ಆಡಿಗಿ.

ಮುಂದಿನ ಎಂಟ ದಿನ ಆಕಿ ಉಂಡಿದ್ದೂ ಖಬರಿಲ್ಲ, ಕುಡದದ್ದೂ ಖಬರಿಲ್ಲ. ಕೆಟ್ಟ ಪಿಯು ಎಲ್ಲಾ ಕೆರದು ತಗದಳು. ಥಿನ್ನರಿನ್ಯಾಗ ಅರಿವಿ ಎದ್ದಿ ಒರಸಿದಳು, ಬಿಸಲಿಗಿ ಇಟ್ಟಳು, ಬಿಸಲಿಗಿ ಎಣ್ಣಿ ಮತ್ತ ಮ್ಯಾಲ ಬೆವತು ಬಂತು, ಮತ್ತ ಒರಸಿದಳು. ಆ ಕೈಗುರುತು ಅಷ್ಟ ಸಸಾರ ಬಿಡಲಿಲ್ಲ. ಒರಸಿದ ಒಂದೊಂದ ಸಲಕ್ಕೂ ಒಂದೊಂದ ಬೈಗಳ. ಹಾಳಿ ಒತ್ತಿದರ ಕಲಿ ಏಳದಂಗ ಆದ ಮ್ಯಾಲ ಕಟ್ಟಿಗಿ ತೂತೆಲ್ಲಾ ಮುಚ್ಚೂ ಸೀಲರ್ ಎರಡ ಕೋಟ ಹೊಡದಳು, ತಿಕ್ಕಿದಳು, ಗ್ಲಾಸಿ ಅನ್ನೂ ಹೊಳಪಿನ ಪಿಯು ಮೂರ ಕೋಟ ಹೊಡದಳು. ಒಣಗಿದ ಮ್ಯಾಲ ಎರಡ ಸಾವಿರ ನಂಬರಿನ ಕಾಗದ ನೀರಾಗ ಎದ್ದಿ ತಿಕ್ಕಿ, ಮೆರಗಿನ ಕಂಪೌಂಡ ಹಚ್ಚಿ ಉಣ್ಣಿ ಅರಿವಿಲೆ ಉಜ್ಜಿದಳು. ಮೂವತ್ತೊಂಬತ್ತನೇ ದಿನ ಸಂಜೀಕ ತೊಟ್ಟಿಲ ಜೋಡಿಸಿ ನಿಲ್ಲಿಸಿದಳು. ನಾಕ ಕಾಲು ನೀರ ಕುಡದು ನಿಂತಂಗ ಹೊಳೀತಿದ್ದವು. ಸುಳ್ಳ ಹೇಳಬಾರದು, ಅಂಥಾ ಪಾಲಿಶ್ ಆಕಿ ಜೀವನದಾಗ ಮಾಡಿದ್ದಿಲ್ಲ.

ಮರುದಿನ ಮಿರಜಿನಿಂದ ಟೆಂಪೋ ಬಂತು. ರುಬಿನಾ ಇಳದಾಕೀನ ತೊಟ್ಟಿಲದ ಕಡೆ ಹೋದಳು, ಬಗ್ಗಿ ನೋಡಿದಳು, ಕಾಲಿನ್ಯಾಗ ತನ್ನ ಮಾರಿ ಕಂಡು ತಲೀ ಮ್ಯಾಲಿನ ಸೆರಗ ಸರಿ ಮಾಡಿಕೊಂಡಳು.

"ಅಡ್ಡಿ ಇಲ್ಲ," ಅಂದಳು.

"ಮಾರಿ ಕಂಡಿತಿಲ್ರಿ? ಹೆದರಲಿಲ್ಲಲ್ಲಾ?" ಅಂದಳು ರಾಜಬಿ. ಆಕಿ ಎದಿಯೊಳಗ ಎಂಟ ದಿನದ ಮ್ಯಾಲ ಉಸರ ಬಂದಿತ್ತು. ಆರಜೂ ಒಳಗ ಮುಸಿಮುಸಿ ನಕ್ಕಳು.

ಕೂಸಿಗಿ ಕುಂಚಿಗಿ ತಗೊಂಡು ಓಣಿಯ ಹಾಲವ್ವ ಬಂದಿದ್ದಳು. ಎಂಬತ್ತ ದಾಟಿದ ಮುದಕಿ, ಲಾಲಸಾಬಗ ಅಣ್ಣಾ ಅಂತಿದ್ದಾಕಿ, ಈ ಮನಿಯೊಳಗ ಹುಟ್ಟಿದ ಎಲ್ಲಾ ಕೂಸಿಗೂ ನೀರ ಎರದಾಕಿ. ತೊಟ್ಟಿಲದ ಕಾಲ ಮ್ಯಾಲ ಕೈ ಆಡಿಸಿದಳು. "ಛಂದ ಆಗೇತಿ ನೋಡವಾ," ಅಂದಳು. "ಎಣ್ಣಿ ಕೈ ಸಾಜಿದ ಹಚ್ಚಿರಬೇಕಲಾ?"

"ಯಾ ಎಣ್ಣಿ ಕೈ, ಅತ್ತಿ?"

"ಅಯ್ಯ ನನ್ನವ್ವ! ನಿಮ್ಮಪ್ಪ ಅಂತಿದ್ದಿಲ್ಲೇನು, ಗಿರಾಕಿ ತೊಟ್ಟಿಲಕ್ಕ ಬಣ್ಣ, ಮನಿ ತೊಟ್ಟಿಲಕ್ಕ ಕೈ ಅಂತ. ಮನಿ ಕೂಸಿನ ತೊಟ್ಟಿಲ ಆದರ ಬಣ್ಣಕ್ಕಿಂತ ಮೊದಲ ರಕ್ತಸಂಬಂಧದವರು ಕುಸುಬಿ ಎಣ್ಣಿ ಕೈಲೆ ನಾಕೂ ಕಾಲ ಗಟ್ಟಿ ಹಿಡೀಬೇಕು. ಕೂಸಿಂದರ, ಕೂಸಿನ ಅವ್ವಂದರ ಸೋದರಮಾವ ಇದ್ದರ ಅಂವಂದ ಹಕ್ಕು. ಆಮ್ಯಾಲ ಎಂಟ ದಿನ ಬಿಸಲಿಗಿ ಇಟ್ಟು ಬಣ್ಣ ಹಚ್ಚತಿದ್ದ. ಕೂಸ ಬೀಳಬಾರದಂತ, ಹಿಡಕೊಂಡ ಕೈ ಅದು." ಹಾಲವ್ವ ಬೊಚ್ಚ ಬಾಯಿ ತಗದು ನಕ್ಕಳು. "ಸಾಜಿದ ಹುಟ್ಟಿದಾಗ ನೀ ಆರ ವರ್ಷದಾಕಿ. ನಿನ್ನ ಕೈಲೇ ಹಿಡಿಸಿದ್ದ ನಿಮ್ಮಪ್ಪ. ಒಂದ ಕೈ ಸಾಲವಲ್ದು, ಎರಡೂ ಕೈಲೆ ಅಪ್ಪಿಕೊಂಡಿದ್ದಿ. ಮರತೇನ?"

ಮರತಿದ್ದಳು. ಈಗ ನೆನಪಾತು. ಅಂಗೈಯಾಗಿನ ಜಾರೂ ಎಣ್ಣಿ, ಅಪ್ಪ ಮ್ಯಾಲಿಂದ ಕೈ ಒತ್ತಿ, "ಗಟ್ಟಿ ಹಿಡಿ ಮಗಳ, ತಮ್ಮ ಬಿದ್ದಾನು," ಅಂದದ್ದು, ಎಲ್ಲಾ ಒಮ್ಮೆಲೇ. ಎಂಟ ದಿನ ಬಿಸಲಿಗಿ ಇಡು ಅಂತ ಆಡಿಗಿ ಹೇಳಿದ್ದನಲ್ಲ ಅಂವ. ಅಕ್ಕಾ, ಅದು ಏನಂದರ ಅಂದಿದ್ದನಲ್ಲ. ರಾಜಬಿ ಅಡಗಿ ಮನಿಗಿ ಹೋಗಿ ಎಣ್ಣಿ ಗಿಂಡಿ ತಗೊಂಡು ಹೊರಗ ಓಡಿದಳು.

ತೊಟ್ಟಿಲ ಆಗಲೇ ಟೆಂಪೋ ಏರಿತ್ತು. ಸಾಜಿದ ತನ್ನ ಶೆಡ್ಡಿನ ಬಾಗಲದಾಗ ನಿಂತಿದ್ದ, ಕರದಿರಲಿಲ್ಲ ಅಂವಗ ಯಾರೂ.

"ಸಾಜಿದಾ," ಅಂದಳು ರಾಜಬಿ. ಆ ಹೆಸರ ಆಕಿ ಬಾಯಾಗ ತುಕ್ಕ ಹಿಡದಿತ್ತು. "ಬಾರೋ ತಮ್ಮಾ. ಕೈ ಹಚ್ಚ ಬಾ. ನನಗ ನೆನಪಿದ್ದಿಲ್ಲೋ."

ಸಾಜಿದ ಗಿಂಡಿ ನೋಡಿದ, ಟೆಂಪೋದಾಗ ಹೊಳಿಯೂ ಕಾಲ ನೋಡಿದ. ಆಮ್ಯಾಲ ಆಡಿನ ಕಡೆ ತಿರುಗಿದ.

"ಆಡೇ, ಹೇಳು ಆಕಿಗಿ," ಅಂದ. "ಮಕ್ಕಳಿಲ್ಲದಾಂವನ ಕೈ ತೊಟ್ಟಿಲಕ್ಕ ಹತ್ತಬಾರದಂತ."

ಒಳಗ ಹೋಗಿ ಬಾಗಲ ಹಾಕಿಕೊಂಡ.

ಟೆಂಪೋದಾಂವ ಹಾರ್ನ್ ಹೊಡದ. ರಾಜಬಿ ತಾನ ಅಂಗೈಗಿ ಎಣ್ಣಿ ಸುರಕೊಂಡು ಒಂದ ಕಾಲ ಹಿಡದಳು. ಗಟ್ಟಿ ಹಿಡದಳು. ಎಣ್ಣಿ ಒಳಗ ಹೋಗಲಿಲ್ಲ. ಆಕೀನ ಎಂಟ ದಿನ ಕುಂತು ಮುಚ್ಚಿದ ಪಾಲಿಶ್ ಅದು, ಎಲ್ಲಿಂದ ಹೋದೀತು? ಹನಿ ಹನಿ ಆಗಿ ಜಾರಿ ಕೆಳಗ ಇಳೀತು.

"ಅಯ್ಯ, ಏನ ಮಾಡಾಕ ಹತ್ತೀರಿ ಬೀಗತಿ, ಶೈನಿಂಗ ಹಾಳಾಗತೈತಿ," ಅಂತ ರುಬಿನಾ ಟವೆಲ್ ತಗೊಂಡು ಒಂದ ಸಲ ಒರಸಿದಳು. ಒಂದ ಸಲಕ್ಕ ಎಲ್ಲಾ ಹೋತು. ಎಣ್ಣಿ ಹಚ್ಚಿದ್ದರ ಗುರತ ಸುದ್ದಾ ಉಳೀಲಿಲ್ಲ.

ಟೆಂಪೋ ಹೋದ ಮ್ಯಾಲ, ಧೂಳ ಕುಂತ ಮ್ಯಾಲ, ರಾಜಬಿ ತನ್ನ ಶೆಡ್ಡಿಗಿ ಬಂದು ಪತ್ರಾ ಬಡದ ಕಿಡಕಿ ಮುಂದ ನಿಂತಳು. ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತ ಆದ ಮ್ಯಾಲ ಬರತೈತೇನಂತ ಊರ ಮಂದಿಗಿ ಆಕೀನ ಹೇಳತಿದ್ದಳು, ಪಾಲಿಶಿಗಿ ಬಂದವರ ಜಗಳ ಬಿಡಸೂ ಮುಂದ. ಕೈ ಇನ್ನೂ ಜಿಡ್ಡಿತ್ತು, ಒರಸಿಕೊಳ್ಳಲಿಲ್ಲ.

"ಆಡೇ," ಅಂದಳು, ಧ್ವನಿ ಏರಲಿಲ್ಲ. "ಹೇಳು ಅಂವಗ, ಅಕ್ಕಂದ ತಪ್ಪಾತಂತ."

ಆಡು ಮೇವಿನಿಂದ ಮಾರಿ ಎತ್ತಿ ಆಕೀನ್ನ ನೋಡಿತು. ಗ್ವಾಡಿ ಆಚೆ ಕಡೆ ಸಾಜಿದ ಖರಾದಿ ಮೋಟಾರ್ ಚಾಲೂ ಮಾಡಿದ.